ಒಂದು ಡಬ್ಬ ಬೂದಿ

ಹೋದ ವರ್ಷ ಸಂಕ್ರಾಂತಿ ಕಳೆದು ಹದಿನೈದು ದಿನವಾಗಿತ್ತೇನೋ, ಅಮ್ಮ ಊರಿನಿಂದ ಫೋನ್ ಮಾಡಿ, ಮುಂದಿನ ವಾರ ಬರುವಾಗ ಎಲ್ಲಿಂದಾದರೂ ಒಂದಿಷ್ಟು ಬೂದಿ ಹೊಂದಿಸಿಕೊಂಡು ಬಾ ಎಂದರು. ಮೈಸೂರಿನಿಂದ ಹಳ್ಳಿಗೆ ಹಣ್ಣು ಒಯ್ದದ್ದುಂಟು, ಔಷಧಿ ಒಯ್ದದ್ದುಂಟು, ಕುಕ್ಕರಿನ ರಬ್ಬರು ಒಯ್ದದ್ದುಂಟು. ಬೂದಿ ಒಯ್ಯುವ ಕಾಲ ಬರುತ್ತದೆಂದು ಎಣಿಸಿರಲಿಲ್ಲ. ಅವರೆ ಮತ್ತು ಹುರುಳಿಯ ಬಿತ್ತನೆ ಬೀಜವನ್ನು ಎತ್ತಿಡಬೇಕು, ಬೂದಿ ಬೆರೆಸದೆ ಇಟ್ಟರೆ ಆಷಾಢದ ಹೊತ್ತಿಗೆ ಡಬ್ಬದ ತುಂಬ ಹುಳು ಮತ್ತು ತೂತುಬಿದ್ದ ಸಿಪ್ಪೆ ಮಾತ್ರ ಉಳಿದಿರುತ್ತದೆ. ಆದರೆ ಮನೆಗೆ ಗ್ಯಾಸು ಬಂದು, ಹಿತ್ತಿಲ ನೀರೊಲೆಯ ಜಾಗದಲ್ಲಿ ಸೋಲಾರ್ ಕೂತ ಮೇಲೆ, ಬೀದಿಯ ಉದ್ದಕ್ಕೂ ಯಾರ ಮನೆಯಲ್ಲೂ ಒಂದು ಮೊರ ಬೂದಿ ಹುಟ್ಟುವುದಿಲ್ಲವಂತೆ. "ದುಡ್ಡು ಕೊಟ್ರೂ ಬೂದಿ ಸಿಕ್ದಂಗಾಯ್ತಲ್ಲಪ್ಪ" ಎಂದು ಅಮ್ಮ ಹೇಳಿದ ಧಾಟಿಯಲ್ಲಿ ನಗುವಿತ್ತೋ ಬೇಸರವಿತ್ತೋ ಫೋನಿನಲ್ಲಿ ತಿಳಿಯಲಿಲ್ಲ.

ಮೈಸೂರಿನ ನನ್ನ ಬಾಡಿಗೆಮನೆಯಲ್ಲಿ ಬೂದಿ ಎಂದರೆ ಊದುಬತ್ತಿಯದು ಮಾತ್ರ. ಹಾಗಾಗಿ ಶನಿವಾರ ಹೊರಟಾಗ ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ಕಡೆ ತಿರುಗಿದ ಮೇಲೆ, ರಸ್ತೆಯ ಬದಿಯಲ್ಲಿ ಹೊಗೆಯಾಡುತ್ತಿದ್ದ ಒಂದು ಆಲೆಮನೆಯ ಮುಂದೆ ಗಾಡಿ ನಿಲ್ಲಿಸಿದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. (ಮಂಡ್ಯದ ಕಡೆ ಕಬ್ಬಿನ ರಸವನ್ನು ಕಬ್ಬಿನ ಹಾಲು ಎನ್ನುವುದೇ ವಾಡಿಕೆ, ಹಾಲು ಎಂದದ್ದಕ್ಕೆ ಹಸು ಹುಡುಕಬೇಡಿ.) ಒಲೆಯ ಬಾಯಿಯ ಮುಂದೆ ತಗ್ಗಿನಲ್ಲಿ ಕೂತಿದ್ದವನು ಒಣಗಿದ ಕಬ್ಬಿನ ಸಿಪ್ಪೆಯನ್ನು ತೋಳಗಲ ಬಾಚಿ ಬಾಚಿ ಒಳಕ್ಕೆ ತಳ್ಳುತ್ತಿದ್ದ, ಪ್ರತಿ ಸಲ ತಳ್ಳಿದಾಗಲೂ ಒಲೆ ಒಮ್ಮೆ ಉಸಿರೆಳೆದುಕೊಂಡಂತೆ ಸದ್ದು ಮಾಡುತ್ತಿತ್ತು. ಬೂದಿ ಬೇಕೆಂದು ಕೇಳಿದ್ದಕ್ಕೆ ಅವನು ತಲೆ ಎತ್ತದೆ ಹಿಂದಿನ ಗುಂಡಿಯನ್ನು ತೋರಿಸಿ, "ಎಷ್ಟ್ ಬೇಕಾರೂ ತುಂಬ್ಕೊಳಿ, ಮೇಲ್ಮೇಲಿಂದು ಮಾತ್ರ, ಒಳ್ಗೆ ಕೆಂಡ ಐತೆ" ಎಂದ.

ಗುಂಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನೋಡಿದರೆ, ಅದು ನಾನು ಬಾಲ್ಯದಲ್ಲಿ ಕಂಡ ಸೌದೆಯ ಬೂದಿಯಂತಿರಲಿಲ್ಲ. ಸೌದೆಯದು ಹಿಟ್ಟಿನಂತೆ ನುಣ್ಣಗೆ, ಬೆಳ್ಳಗೆ, ಬೆರಳಿಗೆ ತಂಪಾಗಿ ಹತ್ತುತ್ತದೆ. ಇದು ಕಪ್ಪು, ಬಿಳುಪು, ಬೂದು ಮೂರೂ ಕೂಡಿದ ಸೀಳುಸೀಳಾದ ಚಕ್ಕೆಗಳ ರಾಶಿ. ಒಂದೊಂದು ಚಕ್ಕೆಯಲ್ಲೂ ಕಬ್ಬಿನ ನಾರಿನ ಗೆರೆ ಹಾಗೆಹಾಗೇ ಉಳಿದಿತ್ತು, ಮುಟ್ಟಿದೊಡನೆ ಗೆರೆ ಸಮೇತ ಪುಡಿಯಾಗುತ್ತಿತ್ತು. ನಡುನಡುವೆ ಬೆಲ್ಲದ ಹರಳಿನಷ್ಟು ದೊಡ್ಡ, ಗಾಜಿನ ಹೊಳಪಿನ ಗಟ್ಟಿಗಳಿದ್ದವು. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಮರಳಿನಲ್ಲಿರುವ ಸಿಲಿಕಾ ಅಂಶವೇ ಹೆಚ್ಚು, ಒಲೆಯ ಝಳಕ್ಕೆ ಅದು ಕರಗಿ ಗಟ್ಟಿಕಟ್ಟುತ್ತದೆ. ಹಳೆಯ ಹಾಲಿನಪುಡಿ ಡಬ್ಬದ ತುಂಬ ಬೂದಿ ತುಂಬಿಕೊಂಡು, ಮುಚ್ಚಳ ಹಾಕಿ, ದುಡ್ಡು ಎಷ್ಟೆಂದು ಕೇಳಿದೆ. ಅವನು ಆಗ ಮೊದಲ ಸಲ ನನ್ನ ಮುಖ ನೋಡಿದ. "ಬೂದಿಗೆ ಕಾಸಾ?"

ಈ ಪ್ರಶ್ನೆ ತಲೆಯಲ್ಲಿ ಉಳಿದುಕೊಂಡಿತು. ನಮ್ಮ ಮಾತಿನಲ್ಲಿ ಬೂದಿ ಎಂಬುದು ಸೊನ್ನೆಗೆ ಇನ್ನೊಂದು ಹೆಸರು. ದುಡಿಮೆಯೆಲ್ಲ ಬೂದಿಯಾಯಿತು ಎನ್ನುತ್ತೇವೆ, ಬಾಯಿಗೆ ಬೂದಿ ಬಿತ್ತು ಎನ್ನುತ್ತೇವೆ, ಉಪಯೋಗವಿಲ್ಲದ ಖರ್ಚನ್ನು ಬೂದಿಯಲ್ಲಿ ತುಪ್ಪ ಸುರಿದಂತೆ ಎನ್ನುತ್ತೇವೆ, ಮನೆಮಠ ಬಿಟ್ಟವನನ್ನು ಬೂದಿ ಬಳಿದುಕೊಂಡು ಹೋದ ಎಂದು ಮುಗಿಸಿಬಿಡುತ್ತೇವೆ. ಆದರೆ ಊರಿನಿಂದ ಮರಳಿದ ರಾತ್ರಿ ನಿಘಂಟು ತೆಗೆದು ನೋಡಿದಾಗ ಕಂಡದ್ದು ಇದಕ್ಕೆ ತೀರ ಉಲ್ಟಾ.

ಬೂದಿ ಎಂಬುದು ಸಂಸ್ಕೃತದ ಭೂತಿ ಎಂಬ ಶಬ್ದದ ತದ್ಭವ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು ಹೇಳುವುದೂ ಇದನ್ನೇ. ಮಹಾಪ್ರಾಣವಾದ ಭಕಾರ ಕನ್ನಡದ ನಾಲಗೆಯಲ್ಲಿ ಬಕಾರವಾಯಿತು. ಎರಡು ಸ್ವರಗಳ ನಡುವೆ ಸಿಕ್ಕಿದ ತಕಾರ ಮೆತ್ತಗಾಗಿ ದಕಾರವಾಯಿತು. ವಸತಿ ಬಸದಿಯಾದದ್ದು, ಜಾತಿ ಮಲ್ಲಿಗೆ ಜಾದಿಯಾದದ್ದು ಇದೇ ಹಾದಿಯಲ್ಲಿ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇಂತಹ ಮಾರ್ಪಾಟುಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಇಷ್ಟು ವ್ಯಾಕರಣದ ಮಾತು. ಅರ್ಥಕ್ಕೆ ಬಂದರೆ, ಭೂತಿಯ ಮೂಲ 'ಭೂ' ಎಂಬ ಧಾತು; ಅದರ ಅರ್ಥ ಇರು, ಆಗು. ಭೂತಿ ಎಂದರೆ ಇರುವಿಕೆ, ಆಗುವಿಕೆ, ಏಳಿಗೆ, ಐಶ್ವರ್ಯ. ಅಮರಕೋಶದ ನಾನಾರ್ಥವರ್ಗದಲ್ಲಿ ಅಮರಸಿಂಹ ಇದನ್ನು ಮೂರೇ ಪದಗಳಲ್ಲಿ ಕಟ್ಟಿಟ್ಟಿದ್ದಾನೆ: 'ಭೂತಿರ್ಭಸ್ಮನಿ ಸಂಪದಿ'. ಭೂತಿ ಎಂಬುದು ಭಸ್ಮಕ್ಕೂ ಸಲ್ಲುತ್ತದೆ, ಸಂಪತ್ತಿಗೂ ಸಲ್ಲುತ್ತದೆ. ಒಂದೇ ಶಬ್ದ, ಒಂದು ಕೈಯಲ್ಲಿ ಹೊನ್ನು, ಇನ್ನೊಂದರಲ್ಲಿ ಒಲೆಯ ಬೂದಿ. ಕನ್ನಡಿಗರು ಹೊನ್ನನ್ನು ಸಂಸ್ಕೃತಕ್ಕೇ ಬಿಟ್ಟು ಬೂದಿಯನ್ನು ಮನೆಗೆ ತಂದುಕೊಂಡರು.

ನಾನು ಚಿಕ್ಕವನಿದ್ದಾಗ ನಮ್ಮಜ್ಜಿಯನ್ನು ಬೂದಿ ಎಂದರೇನೆಂದು ಕೇಳಿದ್ದೆ. ಭೂಮಿಗೆ ಹೋಗೋದು ಬೂದಿ, ಅಷ್ಟೇ ಎಂದಿದ್ದರು. ಓದು ಬರಹ ಬಾರದ ಮುದುಕಿಯ ಪ್ರಾಸದ ಮಾತೆಂದು ಬಹಳ ಕಾಲ ಅಂದುಕೊಂಡಿದ್ದೆ. ಈಗ ನೋಡಿದರೆ ಭೂಮಿಯೂ ಅದೇ 'ಭೂ' ಧಾತುವಿನಿಂದಲೇ ಹುಟ್ಟಿದ್ದು. ಎರಡೂ ಒಂದೇ ಬೇರಿನ ಚಿಗುರುಗಳು. ಅಜ್ಜಿಯ ಮಾತಿನಲ್ಲಿ ರಸಾಯನವೂ ಇದೆ. ಮರದ ಬಹುಪಾಲು ಗಾಳಿಯಿಂದಲೂ ನೀರಿನಿಂದಲೂ ಕಟ್ಟಿಕೊಂಡದ್ದು, ಸುಟ್ಟಾಗ ಅದು ಹೊಗೆಯಾಗಿ, ಆವಿಯಾಗಿ ಬಂದಲ್ಲಿಗೇ ಹೋಗುತ್ತದೆ. ನೂರು ಕೆಜಿ ಒಣಸೌದೆಗೆ ಒಂದೆರಡು ಕೆಜಿ ಬೂದಿ ಉಳಿದರೆ ಹೆಚ್ಚು. ಆ ಒಂದೆರಡು ಕೆಜಿ ಏನೆಂದರೆ, ಬೇರು ಮಣ್ಣಿನಿಂದ ಹೀರಿಕೊಂಡಿದ್ದ ಸುಣ್ಣ, ಪೊಟ್ಯಾಸಿಯಂ, ಮೆಗ್ನೀಸಿಯಂ, ಸಿಲಿಕಾ ಇತ್ಯಾದಿ. ಉಳಿದದ್ದೆಲ್ಲ ಹಾರಿಹೋಗಿ, ನೆಲದಿಂದ ಸಾಲ ತಂದದ್ದು ಮಾತ್ರ ಒಲೆಯಲ್ಲಿ ಕೂತಿರುತ್ತದೆ. ಸುಟ್ಟ ಮೇಲೂ 'ಇರುವುದು' ಯಾವುದೋ ಅದಕ್ಕೆ ಇರುವಿಕೆಯ ಹೆಸರು ಬಿದ್ದದ್ದು ನನಗಂತೂ ಸರಿಯೆನ್ನಿಸಿತು.

ಬೂದಿ ಏಕೆ ಪುಡಿಯ ನೆಂಟನಾಗಿರಬಾರದು ಎಂದು ಗೆಳೆಯನೊಬ್ಬ ವಾದ ಹೂಡಿದ. ಕೇಳಲು ಚೆನ್ನಾಗಿದೆ. ಆದರೆ ಅಚ್ಚಗನ್ನಡದ ಪಕಾರ ಹಕಾರವಾಗುತ್ತದೆ, ಪುಡಿ ಹುಡಿಯಾಗುತ್ತದೆ, ಪಾಲು ಹಾಲಾಗುತ್ತದೆ. ಪುಡಿ ಬೂದಿಯಾಗಲು ಸ್ವರ ಹಿಗ್ಗಬೇಕು, ಡಕಾರ ದಕಾರವಾಗಬೇಕು, ಪಕಾರ ಬಕಾರವಾಗಬೇಕು. ಇಷ್ಟೊಂದು ಕಸರತ್ತು ಮಾಡಿಸುವುದಕ್ಕಿಂತ ಭೂತಿಯನ್ನು ಒಪ್ಪುವುದು ಸುಲಭ.

ಶೈವ ಗ್ರಂಥಗಳು ಬೂದಿಗೆ ಐದು ಹೆಸರು ಹೇಳುತ್ತವೆ: ವಿಭೂತಿ, ಭಸಿತ, ಭಸ್ಮ, ಕ್ಷಾರ, ರಕ್ಷಾ. ಒಂದೊಂದಕ್ಕೂ ಅವು ಕಾರಣವನ್ನೂ ಕೊಡುತ್ತವೆ. ಹೊಳೆಯುವುದರಿಂದ ಭಸಿತ, ಆಪತ್ತನ್ನು ಕರಗಿಸುವುದರಿಂದ ಕ್ಷಾರ, ಕಾಪಾಡುವುದರಿಂದ ರಕ್ಷಾ, ಐಶ್ವರ್ಯ ಕೊಡುವುದರಿಂದ ವಿಭೂತಿ. ಇದು ಭಕ್ತರ ನಿರುಕ್ತ, ಭಾಷಾಶಾಸ್ತ್ರವಲ್ಲ. ಭಸ್ಮದ ಹಿಂದಿರುವ 'ಭಸ್' ಧಾತುವಿಗೆ ಜಗಿ, ನುಂಗು ಎಂಬ ಅರ್ಥವಿದೆ, ಬೆಂಕಿ ಜಗಿದು ಉಗುಳಿದ್ದೇ ಭಸ್ಮ. ನನ್ನನ್ನು ಸೆಳೆದದ್ದು ಬೇರೆ. ಈ ಐದು ಹೆಸರುಗಳನ್ನು ನಮ್ಮ ನಾಡಿನ ಭಾಷೆಗಳು ಅಣ್ಣತಮ್ಮಂದಿರು ಪಿತ್ರಾರ್ಜಿತವನ್ನು ಹಂಚಿಕೊಂಡಂತೆ ಹಂಚಿಕೊಂಡಿವೆ. ರಕ್ಷಾ ಹಿಂದಿಯವರ ಪಾಲಿಗೆ ಬಂದು ರಾಖ್ ಆಯಿತು. ಕ್ಷಾರ ಮಲಯಾಳಿಗಳ ಒಲೆಗೆ ಹೋಗಿ ಚಾರಂ ಆಯಿತು. ಭಸ್ಮವನ್ನು ಆಯುರ್ವೇದದ ಪಂಡಿತರು ಇಟ್ಟುಕೊಂಡರು. ಭೂತಿ ನಮಗೆ ಬಂತು. ರಕ್ಷಾ ನಮ್ಮಲ್ಲೂ ಒಂದು ಮೂಲೆಯಲ್ಲಿ ಉಳಿದಿದೆ: ಹೋಮ ಮುಗಿದ ಮೇಲೆ ಕುಂಡದ ಮಸಿಬೂದಿಯನ್ನು ತುಪ್ಪದಲ್ಲಿ ಕಲಸಿ ಹಣೆಗಿಡುತ್ತಾರಲ್ಲ, ಮೈಸೂರಿನ ಮನೆಗಳಲ್ಲಿ ಅದನ್ನು ರಕ್ಷೆ ಎಂದೇ ಕರೆಯುತ್ತಾರೆ.

ಕ್ಷಾರದ ಕಥೆ ಇನ್ನೂ ಉದ್ದ. ಬೂದಿಯನ್ನು ನೀರಿನಲ್ಲಿ ಕದಡಿ ತಿಳಿ ಬಗ್ಗಿಸಿದರೆ ನಾಲಗೆಗೆ ಚುರುಗುಟ್ಟುವ, ಬೆರಳ ನಡುವೆ ಸೋಪಿನಂತೆ ಜಾರುವ ನೀರು ಸಿಗುತ್ತದೆ. ಜಿಡ್ಡನ್ನು ಕೀಳುವುದು ಆ ನೀರೇ. ಅಮ್ಮ ಬಾವಿಕಟ್ಟೆಯಲ್ಲಿ ತೆಂಗಿನ ನಾರಿಗೆ ಬೂದಿ ಮೆತ್ತಿಕೊಂಡು ಹಿತ್ತಾಳೆಯ ಚೊಂಬನ್ನು ಉಜ್ಜುತ್ತಿದ್ದಾಗ ಅದರೊಳಗೆ ಇಂತಹ ಕ್ಷಾರ ಕೆಲಸ ಮಾಡುತ್ತಿತ್ತೆಂದು ನನಗೆ ತಿಳಿದದ್ದು ಪಿಯುಸಿಯಲ್ಲಿ. ಚುರುಗುಟ್ಟುವ ಆ ಗುಣದಿಂದಲೇ ಕ್ಷಾರ ಕನ್ನಡದಲ್ಲಿ ಖಾರವಾಯಿತು. ಸಾರಿಗೆ ಹಾಕುವ ಖಾರದಪುಡಿಯ ಖಾರವೂ ಒಲೆಯ ಬೂದಿಯೂ ಹೀಗೆ ಹಳೆಯ ಸಂಬಂಧಿಗಳು. ಅತ್ತ ಅರಬ್ಬರು ಉಪ್ಪುನೆಲದ ಗಿಡವೊಂದನ್ನು ಸುಟ್ಟ ಬೂದಿಯನ್ನು ಅಲ್‌ಕಲಿ ಎಂದರು, ಆಲ್ಕಲಿ ಎಂಬ ಪಾಠಪುಸ್ತಕದ ಶಬ್ದ ಬಂದದ್ದು ಅಲ್ಲಿಂದ. ಯುರೋಪಿನವರು ಮರದ ಬೂದಿಯ ತಿಳಿನೀರನ್ನು ಮಡಕೆಯಲ್ಲಿ ಬತ್ತಿಸಿ ತೆಗೆದ ಉಪ್ಪನ್ನು ಮಡಕೆಬೂದಿ, ಅಂದರೆ ಪಾಟ್‌ಆಶ್ ಎಂದರು. 1807ರಲ್ಲಿ ಹಂಫ್ರಿ ಡೇವಿ ಅದರ ಜಾತಿಯ ಕ್ಷಾರಕ್ಕೆ ವಿದ್ಯುತ್ ಹರಿಸಿ ಹೊಸ ಲೋಹವೊಂದನ್ನು ಬೇರ್ಪಡಿಸಿದಾಗ ಅದಕ್ಕೆ ಪೊಟ್ಯಾಸಿಯಂ ಎಂಬ ಹೆಸರು ಬಿತ್ತು. ಮಂಡ್ಯದ ರೈತ ಸೊಸೈಟಿಯ ಮುಂದೆ ಸರದಿಯಲ್ಲಿ ನಿಂತು ತರುವ ಪೊಟ್ಯಾಷ್ ಮೂಟೆಯ ಹೆಸರಿನಲ್ಲೂ ಬೂದಿಯಿದೆ. ಅಮ್ಮನೋ, ಅದೇ ಬೂದಿಯನ್ನು ಮೊರದಲ್ಲಿ ಒಯ್ದು ತೆಂಗಿನ ಬುಡಕ್ಕೂ ಸೊಪ್ಪಿನ ಮಡಿಗೂ ಎರಚುತ್ತಿದ್ದರು, ಸರದಿಯಿಲ್ಲದೆ.

ಸಂಸ್ಕೃತದಿಂದ ಭೂತಿ ಬರುವ ಮೊದಲು ಕನ್ನಡಿಗರ ಒಲೆಯಲ್ಲಿ ಬೂದಿ ಇರಲಿಲ್ಲವೇ? ಇತ್ತು. ಅದಕ್ಕೆ ಹಳಗನ್ನಡದಲ್ಲಿ 'ನೀಱು' ಎಂಬ ಸ್ವಂತ ಹೆಸರಿತ್ತು. ತಮಿಳರು ಆ ಮಾತನ್ನು ಕೈಬಿಡಲಿಲ್ಲ; ಅದಕ್ಕೆ 'ತಿರು' ಸೇರಿಸಿ ತಿರುನೀಱು ಎಂದು ಹಣೆಗೇರಿಸಿದರು, ಒಲೆಯದನ್ನು ಸಾಂಬಲ್ ಎಂದು ಬೇರೆ ಇಟ್ಟರು. ನಾವು ನೀಱನ್ನು ಏಕೆ ಕಳೆದುಕೊಂಡೆವು ಎಂಬುದಕ್ಕೆ ನನ್ನದೊಂದು ಊಹೆಯಿದೆ. ನಡುಗನ್ನಡದ ಹೊತ್ತಿಗೆ ಶಕಟರೇಫವೆಂದು ಕರೆಯುವ ಱಕಾರ ಕರಗಿ ಸಾಮಾನ್ಯ ರಕಾರದೊಡನೆ ಒಂದಾಯಿತು. ಆಮೇಲೆ ನೀಱು ಮತ್ತು ನೀರು ಕಿವಿಗೆ ಒಂದೇ. ಬೆಂಕಿಯ ಶೇಷಕ್ಕೂ ಬೆಂಕಿಯ ವೈರಿಗೂ ಒಂದೇ ಹೆಸರಾದರೆ ಅಡುಗೆಮನೆಯಲ್ಲಿ ಸಂಸಾರ ಸಾಗುವುದು ಹೇಗೆ? ಮೈಗೆ ನೀರು ಹಾಕಿಕೊಂಡು ಬಾ ಎಂದರೆ ಮಗು ಬಚ್ಚಲಿಗೆ ಹೋಗಬೇಕೋ ಒಲೆಯ ಹತ್ತಿರವೋ? ಎರಡರಲ್ಲಿ ಒಂದು ಜಾಗ ಬಿಡಲೇಬೇಕಿತ್ತು, ನೀರಂತೂ ಬಿಡುವ ಗಿರಾಕಿಯಲ್ಲ. ಆ ಖಾಲಿ ಜಾಗಕ್ಕೆ ಹಣೆಯ ಮೇಲಿದ್ದ ಭೂತಿ ಇಳಿದು ಬಂತೆಂದು ನಾನು ಭಾವಿಸುತ್ತೇನೆ. ತಮಿಳಿನಲ್ಲಿ ಒಲೆಯ ಮಾತು ಹಣೆಗೆ ಹತ್ತಿತು, ಕನ್ನಡದಲ್ಲಿ ಹಣೆಯ ಮಾತು ಒಲೆಗೆ ಇಳಿಯಿತು.

ಹಾಗೆ ಇಳಿದ ಮೇಲೂ ಹಣೆಯದು ಹಣೆಯಲ್ಲೇ ಉಳಿಯಿತು. ಗುರು, ಲಿಂಗ, ಜಂಗಮಗಳಿಂದ ತೊಡಗುವ ವೀರಶೈವರ ಅಷ್ಟಾವರಣಗಳಲ್ಲಿ ವಿಭೂತಿಯೂ ಒಂದು. ಭಗವದ್ಗೀತೆಯ ಹತ್ತನೆಯ ಅಧ್ಯಾಯದ ವಿಭೂತಿಯೋಗದಲ್ಲಿ ಅದೇ ಶಬ್ದಕ್ಕೆ ದೇವರ ಹಿರಿಮೆ ಎಂಬ ಅರ್ಥ. ಒಂದೇ ಮನೆಯ ದೇವರಗೂಡಿನಲ್ಲಿ ವಿಭೂತಿ ಗಟ್ಟಿ, ಹತ್ತು ಹೆಜ್ಜೆಯಾಚೆ ಒಲೆಯಲ್ಲಿ ಬೂದಿ, ಎರಡೂ ಒಂದೇ ಪದವೆಂಬುದು ಮನೆಯವರಿಗೆ ನೆನಪಿಲ್ಲ. ನಮ್ಮ ಸೀಮೆಯಲ್ಲಿ ಇದಕ್ಕೆ ಮೂರನೆಯ ದಾರಿಯೂ ಇದೆ. ಜನಪದರು ಹಾಡಿ ಪೂಜಿಸುವ ಸಂತ ಮಂಟೇಸ್ವಾಮಿಯ ಒಕ್ಕಲಿನವರಿಗೆ ಪವಿತ್ರವಾದ ಬೂದಿ ಬೆಳ್ಳಗಿನದಲ್ಲ, ಕಪ್ಪಗಿನದು. ಅವರದನ್ನು ಕಪ್ಪುಧೂಳ್ತ ಎನ್ನುತ್ತಾರೆ. ಕೃಷ್ಣರಾಜನಗರದ ಕಡೆ ಕಾವೇರಿಯ ದಂಡೆಯಲ್ಲಿರುವ ಕಪ್ಪಡಿಯ ಜಾತ್ರೆಗೆ ಹೋದರೆ ಮಂಟೇಸ್ವಾಮಿಯ ಕಾವ್ಯ ಹಾಡುವ ನೀಲಗಾರರು ಹೊತ್ತು ತರುವ ಲೋಹದ ಲಾಂಛನಗಳಾದ ಕಂಡಾಯಗಳ ಮುಂದೆ ಹಣೆಗೆ ಧೂಳ್ತ ಹಚ್ಚಿಸಿಕೊಳ್ಳುವ ಸಾಲು ಕಾಣುತ್ತದೆ. ಆ ಮಾತನ್ನು ಕೇಳಿದಾಗಲೆಲ್ಲ, ಬೂದಿ ಬಳಿದುಕೊಂಡವನನ್ನು ಸಂಸ್ಕೃತದಲ್ಲಿ ಭಸ್ಮೋದ್ಧೂಳಿತ ಎನ್ನುವುದು ನನ್ನ ಕಿವಿಯಲ್ಲಿ ಮೊಳಗುತ್ತದೆ. ನಮ್ಮೂರ ಮಾರಿಹಬ್ಬದಲ್ಲಿ ಕೊಂಡ ಹಾಯ್ದ ಮರುದಿನ ಬೆಳಗ್ಗೆ, ಕೆಂಡವೆಲ್ಲ ಆರಿದ ಮೇಲೆ, ಹೆಂಗಸರು ಕೊಂಡದ ಬೂದಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗಿ ದನಗಳ ಹಣೆಗೆ ಹಚ್ಚುತ್ತಿದ್ದರು. ಅದನ್ನು ಅವರು ವಿಭೂತಿ ಎನ್ನುತ್ತಿರಲಿಲ್ಲ, ಬೂದಿ ಎಂದೇ ಎನ್ನುತ್ತಿದ್ದರು. ಆದರೆ ಗಂಟು ಕಟ್ಟುವ ಜಾಗ್ರತೆಯಲ್ಲಿ ವ್ಯತ್ಯಾಸವೇನೂ ಇರಲಿಲ್ಲ.

ಬಣ್ಣದ ಹೆಸರಾಗಿ ಈ ಮಾತು ಬೆಳೆದದ್ದನ್ನೂ ಹೇಳಬೇಕು. ಬೂದು ಬಣ್ಣ ಬಂದದ್ದು ಬೂದಿಯಿಂದ, ಬೂದುಗುಂಬಳ ಬಂದದ್ದು ಆ ಬಣ್ಣದಿಂದ. ಆಯುಧಪೂಜೆಯ ಮರುದಿನ ಮೈಸೂರಿನ ಯಾವ ತಿರುವಿಗೆ ಹೋದರೂ ಕುಂಕುಮ ಮೆತ್ತಿದ ಬೂದುಗುಂಬಳದ ಹೋಳುಗಳ ಮೇಲೆ ಸ್ಕೂಟರು ಜಾರುವ ಭಯ. ಕಾಯಿಯ ಮೇಲಿನ ಆ ಬಿಳಿ ಹುಡಿ ಬೂದಿಯಲ್ಲ, ಗಿಡ ತಾನೇ ಹೊದ್ದುಕೊಂಡ ಮೇಣ. ಉಷ್ಣವಿದ್ಯುತ್ ಸ್ಥಾವರದ ಕಲ್ಲಿದ್ದಲಿನ ಬೂದಿಗೆ ಹಾರುಬೂದಿ ಎಂದು ಯಾರು ಹೆಸರಿಟ್ಟರೋ, ಒಳ್ಳೆಯ ಕಿವಿಯಿದ್ದವರು.

ನನಗೆ ನಿಜವಾಗಿ ತಕರಾರಿರುವುದು 'ಬೂದಿ ಮುಚ್ಚಿದ ಕೆಂಡ' ಎಂಬ ನುಡಿಗಟ್ಟಿನ ಈಗಿನ ಬಳಕೆಯ ಮೇಲೆ. ಪತ್ರಿಕೆಗಳಲ್ಲಿ ಅದು ಸದಾ ಗಲಭೆಯ ಸುದ್ದಿಯ ಜೊತೆಗೇ ಬರುತ್ತದೆ: ಪರಿಸ್ಥಿತಿ ಬೂದಿ ಮುಚ್ಚಿದ ಕೆಂಡದಂತಿದೆ, ಹೆಚ್ಚುವರಿ ಪೊಲೀಸರನ್ನು ನಿಯೋಜಿಸಲಾಗಿದೆ. ಮೇಲೆ ಮೋಸ, ಒಳಗೆ ಅಪಾಯ. ಆದರೆ ಈ ಮಾತು ಹುಟ್ಟಿದ ಅಡುಗೆಮನೆಯಲ್ಲಿ ಅದರ ಅರ್ಥ ಹಾಗಿರಲಿಲ್ಲ. ರಾತ್ರಿ ಮುದ್ದೆ ಉಂಡು ಪಾತ್ರೆ ತೊಳೆದ ಮೇಲೆ ನಮ್ಮಜ್ಜಿ ಒಲೆಯ ಮುಂದೆ ಕೂತು, ಹುಣಸೆ ಕೊರಡಿನ ದಪ್ಪ ಕೆಂಡಗಳೆರಡನ್ನು ಆರಿಸಿ ಮೂಲೆಗೆ ತಳ್ಳಿ, ಸುತ್ತಲ ಬೂದಿಯನ್ನು ಅಂಗೈಯಂಚಿನಿಂದ ಎಳೆದೆಳೆದು ಅವುಗಳ ಮೇಲೆ ಗುಡ್ಡೆ ಮಾಡುತ್ತಿದ್ದರು. ತೀರ ಒತ್ತುತ್ತಿರಲಿಲ್ಲ, ಒತ್ತಿದರೆ ಕೆಂಡ ಉಸಿರು ಕಟ್ಟಿ ಇದ್ದಿಲಾಗುತ್ತದೆ. ತೀರ ಸಡಿಲ ಬಿಡುತ್ತಲೂ ಇರಲಿಲ್ಲ, ಬಿಟ್ಟರೆ ರಾತ್ರಿಯೇ ಉರಿದು ಮುಗಿಯುತ್ತದೆ. ಬೂದಿ ಒಳಗಿನ ಬಿಸಿಯನ್ನು ಹೊರಗೆ ಬಿಡದೆ, ಹೊರಗಿನ ಗಾಳಿಯನ್ನು ಬೇಕಷ್ಟೇ ಒಳಗೆ ಬಿಡುತ್ತಾ, ಕೆಂಡ ಬೆಳಗಿನ ತನಕ ನಿಧಾನವಾಗಿ ಬದುಕುವಂತೆ ಮಾಡುತ್ತದೆ. ಕೋಳಿ ಕೂಗುವ ಹೊತ್ತಿಗೆ ಗುಡ್ಡೆ ಬಿಡಿಸಿ, ಒಂದು ಹಿಡಿ ತರಗು ಇಟ್ಟು, ಊದುಕೊಳವೆಯಲ್ಲಿ ಮೂರು ಸಲ ಊದಿದರೆ ಉರಿ. ಕಡ್ಡಿಪೆಟ್ಟಿಗೆ ತಿಂಗಳಿಗೊಂದು ಸಾಕಾಗುತ್ತಿತ್ತು. ಆ ಮನೆಯಲ್ಲಿ ಬೂದಿ ಬೆಂಕಿಯನ್ನು ಕಾಯುತ್ತಿತ್ತು. ಐದು ಹೆಸರುಗಳಲ್ಲಿ ರಕ್ಷಾ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ಅಪ್ಪ ತೀರಿಕೊಂಡಾಗಲೂ ಈ ಮಾತು ಬೇರೊಂದು ಮುಖ ತೋರಿಸಿತ್ತು. ಮೂರನೆಯ ದಿನ ಹೊಲದಂಚಿಗೆ ಹೋದಾಗ, ಹಿರಿಯರೊಬ್ಬರು ಹಾಲು ನೀರು ಚಿಮುಕಿಸಿ, ಕಾಲ ಕಡೆಯಿಂದ ತಲೆಯ ಕಡೆಗೆ ಒಂದೊಂದೇ ಚೂರನ್ನು ಹುಡುಕಿ ತೆಗೆದು ಹೊಸ ಕುಡಿಕೆಗೆ ಹಾಕುವುದನ್ನು ನನಗೆ ಕಲಿಸಿದರು. ಬೆರಳಿಗೆ ಸಿಗುತ್ತಿದ್ದವು ಹಗುರವಾದ, ಸುಣ್ಣದಂತೆ ಬೆಳ್ಳಗಿನ, ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳಿದ್ದ ತುಣುಕುಗಳು. ಅವು ಬೂದಿಯಲ್ಲ, ಮೂಳೆ. ಕ್ಯಾಲ್ಸಿಯಂ ಫಾಸ್ಫೇಟ್ ಅಷ್ಟು ಸುಲಭಕ್ಕೆ ಬೆಂಕಿಗೆ ಬಗ್ಗುವುದಿಲ್ಲ. ಅಸ್ಥಿ ಎಂಬ ಶಬ್ದದ ಅರ್ಥವೂ ಮೂಳೆ ಎಂದೇ. ಆದರೆ ಊರಿನವರೆಲ್ಲ ಕೇಳಿದ್ದು "ಬೂದಿ ಎಲ್ಲಿ ಬಿಡ್ತೀರಿ" ಎಂದೇ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟೆವು. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಬಿಟ್ಟದ್ದೂ ಅಲ್ಲಿಯೇ. ಅಲ್ಲಿ ಕಾವೇರಿ ಪಡುವಣಕ್ಕೆ ತಿರುಗುತ್ತಾಳೆಂದೇ ಆ ಹೆಸರು. ಕುಡಿಕೆ ಬಗ್ಗಿಸಿದಾಗ ಮೂಳೆಯ ಚೂರುಗಳು ಕಲ್ಲಿನಂತೆ ತಳಕ್ಕಿಳಿದವು, ಜೊತೆಯಲ್ಲಿ ಬಂದಿದ್ದ ಬೂದಿ ಮಾತ್ರ ನೀರಿನ ಮೇಲೆ ಒಂದು ಪೊರೆಯಾಗಿ ಹರಡಿ, ಸ್ವಲ್ಪ ಹೊತ್ತು ಅಲ್ಲೇ ಸುತ್ತಿ, ಆಮೇಲೆ ಹೊಳೆಯ ದಾರಿ ಹಿಡಿಯಿತು.

ಆಲೆಮನೆಯಿಂದ ತಂದ ಡಬ್ಬವನ್ನು ಅಮ್ಮ ತೆರೆದು, ಒಂದು ಚಿಟಿಕೆ ತೆಗೆದು, ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡಿದರು. "ಇದು ಸಿಪ್ಪೆ ಬೂದಿ. ಪಾತ್ರೆಗೆ ಹಾಕುದ್ರೆ ಗೀರು ಬೀಳ್ತದೆ. ಬೀಜಕ್ಕಾಯ್ತದೆ, ಬಿಡು" ಎಂದರು. ಗೀರು ಬೀಳುವುದೂ ಬೀಜಕ್ಕಾಗುವುದೂ ಒಂದೇ ಗುಣದಿಂದ. ಒರಟಾದ ಆ ಕಣಗಳು ಹುಳುವಿನ ಮೈಮೇಲಿನ ಮೇಣವನ್ನು ಕೆರೆದು ಅದರ ತೇವವನ್ನು ಆರಿಸುತ್ತವೆ, ಕಾಳುಗಳ ನಡುವಿನ ಸಂದುಗಳನ್ನು ತುಂಬಿ ಅದು ಓಡಾಡಲು ದಾರಿಯಿಲ್ಲದಂತೆ ಮಾಡುತ್ತವೆ. ಜಗುಲಿಯ ಮೇಲೆ ಚಾಪೆ ಹಾಸಿ ಅವರೆಕಾಳು ಸುರುವಿ, ಜರಡಿಯಲ್ಲಿ ಬೂದಿ ಜಾಲಿಸಿ, ಎರಡೂ ಕೈಯಿಂದ ತಿರುವಿ ತಿರುವಿ ಬೆರೆಸಿದೆವು. ಕಾಳುಗಳ ಬಣ್ಣವೆಲ್ಲ ಬೂದಾಗಿ, ಯಾವುದು ಅವರೆ, ಯಾವುದು ನಮ್ಮ ಬೆರಳು ಎಂದು ತಿಳಿಯದಂತಾಯಿತು. ಹಾಗೇ ಹುರುಳಿಯದೂ ಮುಗಿಯಿತು. ಡಬ್ಬಗಳ ಮೇಲ್ಭಾಗಕ್ಕೆ ಒಂದು ಬೆರಳಷ್ಟು ದಪ್ಪ ಬರಿಯ ಬೂದಿಯನ್ನೇ ಹರಡಿ, ಬಟ್ಟೆ ಕಟ್ಟಿ, ಮುಚ್ಚಳ ಬಡಿದು ಅಟ್ಟಕ್ಕೇರಿಸಿದೆ.

ಅಷ್ಟರಲ್ಲಿ ಕತ್ತಲಾಗಿತ್ತು. ಜರಡಿಯಲ್ಲಿ ಉಳಿದಿದ್ದ ಗಟ್ಟಿಗಳನ್ನೂ ಒಂದೆರಡು ಹಿಡಿ ಬೂದಿಯನ್ನೂ ಮೊರಕ್ಕೆ ಸುರಿದುಕೊಂಡು ಹಿತ್ತಿಲ ಬಾಗಿಲು ತೆಗೆದೆ. ದೇವರ ದೀಪಕ್ಕೆ ಎಣ್ಣೆ ಹಾಕುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದರು: "ದೀಪ ಹಚ್ಚೋ ಹೊತ್ನಲ್ಲಿ ಯಾರಾದ್ರೂ ಬೂದಿ ಆಚೆಗೆ ಹಾಕ್ತಾರಾ? ಲಕ್ಷ್ಮಿ ಹೊಂಟೋಯ್ತಾಳೆ." ಬಾಗಿಲು ಮುಚ್ಚಿ, ಮೊರವನ್ನು ತಂದು ಗ್ಯಾಸಿನ ಸಿಲಿಂಡರಿನ ಪಕ್ಕದ ಮೂಲೆಯಲ್ಲಿ ಬೆಳಗಿನ ತನಕ ಇಟ್ಟೆ.